ಬೀಫ್ ವೆಲ್ಲಿಂಗ್ಟನ್‌ನ ಒಂದು ತುಂಡಿನಲ್ಲಿ ಏನೇನಿದೆ?

2023ರ ಜುಲೈ ತಿಂಗಳಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಲಿಯೊಂಗಾಥಾ ಎಂಬ ಸಣ್ಣ ಊರಿನಲ್ಲಿ ಒಂದು ಕುಟುಂಬದ ಊಟ ನಡೆಯಿತು. ಉಂಡ ನಾಲ್ವರು ಅತಿಥಿಗಳಲ್ಲಿ ಮೂವರು ಕೆಲವೇ ದಿನಗಳಲ್ಲಿ ತೀರಿಕೊಂಡರು, ಒಬ್ಬರು ಆಸ್ಪತ್ರೆಯಲ್ಲಿ ಬಹಳ ದಿನ ನರಳಿ ಬದುಕುಳಿದರು. ಊಟ ಬಡಿಸಿದ ಮಹಿಳೆ ತಪ್ಪಿತಸ್ಥೆ ಎಂದು 2025ರ ಜುಲೈನಲ್ಲಿ ತೀರ್ಪು ಬಂತು. ಆ ಊಟದ ತಟ್ಟೆಯಲ್ಲಿದ್ದದ್ದು ಬೀಫ್ ವೆಲ್ಲಿಂಗ್ಟನ್. ಅಲ್ಲಿಯವರೆಗೆ ಈ ಹೆಸರನ್ನೇ ಕೇಳದವರೂ ಆಗ ಕೇಳಿದರು. ಹಾಗೆಂದರೆ ಏನು? ಅದನ್ನು ತಿನ್ನುವುದೇ ಅಪಾಯವೇ?

ಮೊದಲ ಮಾತು ಮೊದಲೇ ಹೇಳಿಬಿಡುತ್ತೇನೆ. ಆ ದುರಂತಕ್ಕೂ ಈ ಭಕ್ಷ್ಯದ ಗುಣಕ್ಕೂ ಸಂಬಂಧವಿಲ್ಲ. ಅಲ್ಲಿ ಬಳಕೆಯಾಗಿದ್ದು ಡೆತ್ ಕ್ಯಾಪ್ ಎಂಬ ವಿಷದ ಅಣಬೆ. ಅಂಗಡಿಯಲ್ಲಿ ಸಿಗುವ ಬಿಳಿ ಬಟನ್ ಅಣಬೆಯಿಂದ ಮಾಡಿದ ವೆಲ್ಲಿಂಗ್ಟನ್‌ನಲ್ಲಿ ಆ ವಿಷ ಇರುವುದಿಲ್ಲ. ಆದರೆ ಲಂಡನ್, ಮೆಲ್ಬರ್ನ್, ಡಲ್ಲಾಸ್ ಕಡೆ ನೆಲೆಸಿ, ಕ್ರಿಸ್ಮಸ್ ಸಮಯದಲ್ಲಿ ಆಫೀಸಿನ ಔತಣದಲ್ಲೋ ನೆರೆಮನೆಯಲ್ಲೋ ಇದನ್ನು ಎದುರಿಸುವ ಕನ್ನಡಿಗರಿಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ. ಒಂದು ತುಂಡು ತಿಂದರೆ ಹೊಟ್ಟೆಗೆ ನಿಜವಾಗಿ ಏನು ಹೋಗುತ್ತದೆ? ಇದಕ್ಕೆ ಉತ್ತರ ಬೇಕಾದರೆ ಭಕ್ಷ್ಯವನ್ನು ಪದರ ಪದರವಾಗಿ ಬಿಚ್ಚಬೇಕು.

ಇದು ಯಾವ ಭಕ್ಷ್ಯ

ದನದ ಸೊಂಟದ ಒಳಭಾಗದಲ್ಲಿ, ಬೆನ್ನುಮೂಳೆಗೆ ಅಂಟಿಕೊಂಡು, ಉದ್ದಕ್ಕೆ ಮಲಗಿರುವ ಒಂದು ಮಾಂಸಖಂಡವಿದೆ. ಇಂಗ್ಲೆಂಡಿನಲ್ಲಿ ಅದನ್ನು ಫಿಲೆಟ್ ಎನ್ನುತ್ತಾರೆ, ಅಮೆರಿಕದಲ್ಲಿ ಟೆಂಡರ್‌ಲಾಯ್ನ್. ಈ ಇಡೀ ತುಂಡನ್ನು ಕಾದ ಬಾಣಲೆಯಲ್ಲಿ ಎಲ್ಲ ಕಡೆಯೂ ಕೆಂಪಗೆ ಹುರಿದು, ತಣಿಸಿ, ಸಾಸಿವೆ ಪೇಸ್ಟ್ ಸವರುತ್ತಾರೆ. ಅದರ ಸುತ್ತ ಸಣ್ಣಗೆ ಕೊಚ್ಚಿ ಬೆಣ್ಣೆಯಲ್ಲಿ ಹುರಿದ ಅಣಬೆಯ ಪದರ. ಇದಕ್ಕೆ ಡಕ್ಸೆಲ್ ಎಂದು ಹೆಸರು. ಅದನ್ನು ಹಿಡಿದಿಡಲು ಉಪ್ಪಿನಲ್ಲಿ ಒಣಗಿಸಿದ ಹಂದಿ ಮಾಂಸದ ತೆಳು ಹಾಳೆಗಳು, ಅಂದರೆ ಪ್ರಶುಟೊ ಅಥವಾ ಪಾರ್ಮಾ ಹ್ಯಾಮ್. ಕೆಲವರು ಬಾತುಕೋಳಿಯ ಇಲ್ಲವೇ ಹೆಬ್ಬಾತಿನ ಈಲಿಯನ್ನು (ಯಕೃತ್ತನ್ನು) ನುಣ್ಣಗೆ ಅರೆದ ಪೇಟೆ ಎಂಬ ಮುದ್ದೆಯನ್ನೂ ಹಚ್ಚುತ್ತಾರೆ. ಎಲ್ಲಕ್ಕಿಂತ ಹೊರಗೆ ಪಫ್ ಪೇಸ್ಟ್ರಿಯ ಹೊದಿಕೆ, ಮೇಲೆ ಮೊಟ್ಟೆಯ ಹಳದಿ ಸವರಿ ಓವನ್‌ನಲ್ಲಿ ಬೇಯಿಸಿದರೆ ಮುಗಿಯಿತು. ದಪ್ಪ ಹೋಳುಗಳಾಗಿ ಕತ್ತರಿಸಿದಾಗ ಹೊರಗೆ ಹೊಂಬಣ್ಣದ ಗರಿ, ಅದರೊಳಗೆ ಕಪ್ಪನೆಯ ಅಣಬೆಯ ಉಂಗುರ, ನಡುವೆ ಗುಲಾಬಿ ಬಣ್ಣದ ಮಾಂಸ ಕಾಣುತ್ತದೆ.

ಹೆಸರಿನಲ್ಲಿ ಬೀಫ್ ಮಾತ್ರ ಇದೆ, ಒಳಗೆ ಹಂದಿ ಮಾಂಸವೂ ಇರುತ್ತದೆ, ಅಣಬೆಗೆ ವೈನ್ ಹಾಕುವ ರೂಢಿಯೂ ಇದೆ. ಇವನ್ನು ವರ್ಜಿಸುವವರು ಕೇಳಿಯೇ ತಿನ್ನಬೇಕು.

ವೆಲ್ಲಿಂಗ್ಟನ್ ಎಂದರೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಎಂದು ವಾಡಿಕೆಯ ಮಾತು. ಆದರೆ ಅವನಿಗೂ ಈ ಭಕ್ಷ್ಯಕ್ಕೂ ನಂಟು ಕಲ್ಪಿಸುವ ಗಟ್ಟಿ ದಾಖಲೆ ಸಿಕ್ಕಿಲ್ಲ. ಮಾಂಸವನ್ನು ಹಿಟ್ಟಿನಲ್ಲಿ ಸುತ್ತಿ ಬೇಯಿಸುವ ಪದ್ಧತಿ ಅವನಿಗಿಂತ ಬಹಳ ಹಳೆಯದು, ಈ ಹೆಸರು ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು ಅವನು ಸತ್ತು ಬಹಳ ಕಾಲದ ಮೇಲೆ. ಡ್ಯೂಕ್ ಮಾತ್ರ ನಮಗೆ ಅಪರಿಚಿತನಲ್ಲ. ಡ್ಯೂಕ್ ಆಗುವ ಮೊದಲು ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಆಡಳಿತ ಅವನ ಕೈಗೆ ಬಂತು, ದರಿಯಾ ದೌಲತ್ ಬಾಗ್‌ನಲ್ಲಿ ಅವನು ವಾಸವಾಗಿದ್ದ. ನೀಲಗಿರಿಯ ಕೂನೂರಿನ ಪಕ್ಕದ ವೆಲ್ಲಿಂಗ್ಟನ್ ಊರಿಗೂ ಅವನದೇ ಹೆಸರು.

ಕ್ಯಾಲೊರಿ ಎಂದರೆ ಎಷ್ಟು

ಪೊಟ್ಟಣದ ಮೇಲೆ ಬರೆಯುವ ಕ್ಯಾಲೊರಿ ನಿಜವಾಗಿ ಕಿಲೋ ಕ್ಯಾಲೊರಿ. ಒಂದು ಕಿಲೋ ನೀರಿನ ಬಿಸಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಕ್ತಿ ಅದು. ಸೌದೆ ಉರಿದು ಶಾಖ ಕೊಡುವ ಹಾಗೆ ಆಹಾರ ದೇಹದೊಳಗೆ ನಿಧಾನವಾಗಿ ಉರಿಯುತ್ತದೆ. ಎಲ್ಲ ಸೌದೆಯೂ ಒಂದೇ ಸಮ ಉರಿಯುವುದಿಲ್ಲ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆ ಸುಮಾರು 4 ಕ್ಯಾಲೊರಿ ಕೊಡುತ್ತದೆ, ಒಂದು ಗ್ರಾಂ ಪ್ರೋಟೀನ್ ಕೂಡ 4. ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ನೀರು ಏನನ್ನೂ ಕೊಡುವುದಿಲ್ಲ. ವೆಲ್ಲಿಂಗ್ಟನ್‌ನ ಲೆಕ್ಕ ಅರ್ಥವಾಗಲು ಇಷ್ಟು ಸಾಕು. ಯಾವ ಪದರದಲ್ಲಿ ನೀರು ಹೆಚ್ಚೋ ಅದು ಹಗುರ, ಯಾವುದರಲ್ಲಿ ಕೊಬ್ಬು ಹೆಚ್ಚೋ ಅದು ಭಾರ.

ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಪೊಟ್ಟಣಗಳಲ್ಲಿ ಕಿಲೋಜೂಲ್ ಎಂಬ ಇನ್ನೊಂದು ಅಳತೆಯೂ ಇರುತ್ತದೆ. ಒಂದು ಕಿಲೋ ಕ್ಯಾಲೊರಿ ಎಂದರೆ ಸುಮಾರು 4.2 ಕಿಲೋಜೂಲ್. 3,100 ಎಂಬ ಸಂಖ್ಯೆ ಕಂಡು ಗಾಬರಿಯಾಗಬೇಡಿ, 4.2ರಿಂದ ಭಾಗಿಸಿ ನೋಡಿ.

ನಡುವಿನ ಮಾಂಸ

ಕಾಲು, ಭುಜದ ಸ್ನಾಯುಗಳು ದಿನವಿಡೀ ದುಡಿಯುತ್ತವೆ. ಅದಕ್ಕೇ ಅವುಗಳಲ್ಲಿ ನಾರು ಗಟ್ಟಿ, ಗಂಟೆಗಟ್ಟಲೆ ಬೇಯಿಸಬೇಕು. ಫಿಲೆಟ್‌ಗೆ ಹೆಚ್ಚು ಕೆಲಸವಿಲ್ಲ, ಆದ್ದರಿಂದ ಅದು ಮೆತ್ತಗೆ. ಇಲ್ಲಿ ಬಹಳ ಮಂದಿ ತಪ್ಪು ತಿಳಿಯುವ ಒಂದು ವಿಷಯವಿದೆ. ಮೆತ್ತಗಿದೆ ಎಂದ ಮಾತ್ರಕ್ಕೆ ಕೊಬ್ಬು ಜಾಸ್ತಿ ಎಂದಲ್ಲ. ಮೇಲಿನ ಕೊಬ್ಬು ತೆಗೆದ ಹಸಿ ಫಿಲೆಟ್‌ನ 100 ಗ್ರಾಂನಲ್ಲಿ ಸುಮಾರು 21 ಗ್ರಾಂ ಪ್ರೋಟೀನ್, 7 ಗ್ರಾಂ ಆಸುಪಾಸು ಕೊಬ್ಬು, ಸುಮಾರು 155 ಕ್ಯಾಲೊರಿ ಇರುತ್ತದೆ. ಉಳಿದದ್ದು ಬಹುಪಾಲು ನೀರು. ದನದ ಮಾಂಸದ ಬೇರೆ ಹಲವು ಭಾಗಗಳಿಗೆ ಹೋಲಿಸಿದರೆ ಇದು ಕೊಬ್ಬು ಕಡಿಮೆ ಇರುವ ಭಾಗ.

ಕೊಬ್ಬು ಕಡಿಮೆ ಇರುವುದರಿಂದಲೇ ಓವನ್‌ನ ಶಾಖದಲ್ಲಿ ಬೇಗ ಒಣಗುವ ಭಯ. ಆ ಭಯಕ್ಕೆ ಅಡುಗೆಯವರು ಕಂಡುಕೊಂಡ ಪರಿಹಾರವೇ ಸುತ್ತಲಿನ ಹೊದಿಕೆ. ಹಿಟ್ಟಿನ ಕವಚ ನೇರ ಶಾಖವನ್ನು ತಡೆಯುತ್ತದೆ, ಒಳಗಿನ ತೇವವನ್ನು ಕಾಯುತ್ತದೆ. ಕಡುಬನ್ನು ಎಲೆಯಲ್ಲಿ ಕಟ್ಟಿ ಬೇಯಿಸುವುದರ ಹಿಂದೆಯೂ ಇದೇ ಉಪಾಯ. ಆದರೆ ಬಾಳೆಯೆಲೆಯನ್ನು ನಾವು ಬಿಸಾಡುತ್ತೇವೆ. ವೆಲ್ಲಿಂಗ್ಟನ್‌ನ ಹೊದಿಕೆಯನ್ನು ತಿನ್ನುತ್ತಾರೆ, ಅಸಲು ಕತೆ ಅಲ್ಲಿಂದ ಶುರುವಾಗುತ್ತದೆ.

ಅದಕ್ಕೂ ಮೊದಲು ಈ ಮಾಂಸದ ಒಳ್ಳೆಯ ಗುಣಗಳನ್ನು ಹೇಳಲೇಬೇಕು. ಒಬ್ಬರ ಪಾಲಿಗೆ ಬರುವ ಸುಮಾರು 165 ಗ್ರಾಂ ಹಸಿ ಮಾಂಸದಲ್ಲಿ 4 ಮಿಲಿಗ್ರಾಂ ಆಸುಪಾಸು ಕಬ್ಬಿಣವಿರುತ್ತದೆ. ಸಂಖ್ಯೆ ದೊಡ್ಡದಲ್ಲ. 100 ಗ್ರಾಂ ರಾಗಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ವ್ಯತ್ಯಾಸ ಇರುವುದು ದೇಹ ಅದನ್ನು ಎಷ್ಟು ಹೀರಿಕೊಳ್ಳುತ್ತದೆ ಎನ್ನುವುದರಲ್ಲಿ. ಮಾಂಸದಲ್ಲಿರುವ ಹೀಮ್ ಕಬ್ಬಿಣ ರಕ್ತದ ಹಿಮೊಗ್ಲೋಬಿನ್ನಿನ ಜಾತಿಯದು, ಕರುಳು ಅದನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಕಾಳು, ಸೊಪ್ಪು, ರಾಗಿಯ ಕಬ್ಬಿಣಕ್ಕೆ ಫೈಟೇಟ್‌ನಂಥ ಅಂಶಗಳು ಅಡ್ಡ ನಿಲ್ಲುತ್ತವೆ, ಊಟದ ಜೊತೆಗೆ ಕುಡಿದ ಚಹಾ ಕಾಫಿಯೂ ತಡೆಯುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಅದರ ವಿಟಮಿನ್ ಸಿ ಈ ಅಡ್ಡಿಯನ್ನು ಸ್ವಲ್ಪ ಸರಿಸುತ್ತದೆ.

ಇನ್ನೊಂದು ಮುಖ್ಯ ಪೋಷಕಾಂಶ ವಿಟಮಿನ್ ಬಿ12. ಇದು ಗಿಡಗಳಲ್ಲಿ ಸಹಜವಾಗಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆಯನ್ನೂ ಕಡಿಮೆ ತಿನ್ನುವ ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ವೆಲ್ಲಿಂಗ್ಟನ್‌ನ ಒಂದು ಪಾಲು ಹೆಚ್ಚುಕಡಿಮೆ ಅಷ್ಟನ್ನೂ ಕೊಡುತ್ತದೆ. ಗಾಯ ಮಾಯಲು, ರೋಗನಿರೋಧಕ ಶಕ್ತಿಗೆ ಬೇಕಾದ ಸತುವೂ ಇದರಲ್ಲಿ ಧಾರಾಳ.

ಚಿರೋಟಿಯ ದೂರದ ನೆಂಟ

ಪಫ್ ಪೇಸ್ಟ್ರಿ ಎಂದರೆ ಏನೆಂದು ಚಿರೋಟಿ ಮಾಡುವುದನ್ನು ಹತ್ತಿರದಿಂದ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಕಣಕವನ್ನು ತೆಳ್ಳಗೆ ಲಟ್ಟಿಸಿ, ತುಪ್ಪಕ್ಕೆ ಅಕ್ಕಿಹಿಟ್ಟು ಹಾಕಿ ನೊರೆಯಾಗುವಂತೆ ಕಲೆಸಿದ ಸಾಟಿಯನ್ನು ಒಂದೊಂದು ಹಾಳೆಗೂ ಸವರಿ, ಒಂದರ ಮೇಲೊಂದಿಟ್ಟು, ಸುರುಳಿ ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸುತ್ತೇವೆ. ಎಣ್ಣೆಗೆ ಬಿದ್ದ ಕೂಡಲೇ ಅದು ಹೂವಿನಂತೆ ಎಸಳೆಸಳಾಗಿ ಬಿಚ್ಚಿಕೊಳ್ಳುತ್ತದೆ. ಹಿಟ್ಟು ಹಿಟ್ಟಿಗೆ ಅಂಟದ ಹಾಗೆ ನಡುವೆ ಕಾಯುವುದು ಆ ತುಪ್ಪ.

ಪಫ್ ಪೇಸ್ಟ್ರಿಯಲ್ಲಿ ಮೈದಾ ಹಿಟ್ಟಿನ ಕಣಕದ ನಡುವೆ ತಣ್ಣನೆಯ ಬೆಣ್ಣೆಯ ಗಟ್ಟಿಯನ್ನಿಟ್ಟು, ಲಟ್ಟಿಸಿ, ಪತ್ರದ ಹಾಗೆ ಮೂರು ಮಡಿಕೆ ಮಾಡುತ್ತಾರೆ. ಫ್ರಿಜ್‌ನಲ್ಲಿ ತಣಿಸಿ ಮತ್ತೆ ಲಟ್ಟಿಸಿ ಮತ್ತೆ ಮಡಿಸುವುದು, ಹೀಗೆ ಆರು ಸಲ. ಪ್ರತಿ ಸಲ ಬೆಣ್ಣೆಯ ಪದರ ಮೂರು ಪಟ್ಟಾಗುತ್ತದೆ. ಲೆಕ್ಕ ಹಾಕಿ ನೋಡಿ, ಆರನೆಯ ಮಡಿಕೆಗೆ 729 ಪದರ. ಬೆಣ್ಣೆಯಲ್ಲಿ ಸುಮಾರು ಶೇ. 16ರಷ್ಟು ನೀರಿರುತ್ತದೆ. ಓವನ್‌ನಲ್ಲಿ ಅದು, ಕಣಕದ ನೀರಿನ ಜೊತೆ ಸೇರಿ ಆವಿಯಾಗಿ, ಪದರಗಳನ್ನು ಮೇಲಕ್ಕೆತ್ತುತ್ತದೆ. ಅಡುಗೆ ಸೋಡವಿಲ್ಲ, ಈಸ್ಟ್ ಇಲ್ಲ, ಉಬ್ಬಿಸುವುದೆಲ್ಲ ಆವಿಯೇ.

ನಮ್ಮೂರ ಬೇಕರಿಯ ಎಗ್ ಪಫ್ಸ್, ವೆಜ್ ಪಫ್ಸ್‌ನ ಹೊರಕವಚವೂ ಇದೇ ಜಾತಿಯದು. ಬಿಸಿ ಪಫ್ಸ್ ಅನ್ನು ಸುದ್ದಿಪತ್ರಿಕೆಯ ಚೂರಿನ ಮೇಲಿಟ್ಟು ಕೊಟ್ಟಾಗ, ತಿಂದು ಮುಗಿಸುವಷ್ಟರಲ್ಲಿ ಕಾಗದ ಪಾರದರ್ಶಕವಾಗಿ ಆಚೆಯ ಅಕ್ಷರ ಕಾಣಿಸುತ್ತದಲ್ಲ, ಆ ಕಲೆಯೇ ಕೊಬ್ಬು. ಕೈಗೆ ಹಗುರವಾಗಿ, ಬಾಯಲ್ಲಿ ಗಾಳಿಯಂತೆ ಕರಗುವ ಈ ಗರಿಗರಿ ಹಾಳೆ ನಾಲಿಗೆಯನ್ನು ಮೋಸ ಮಾಡುತ್ತದೆ. ಬೇಯಿಸದ ಪಫ್ ಪೇಸ್ಟ್ರಿಯ 100 ಗ್ರಾಂನಲ್ಲಿ ಸುಮಾರು 400 ಕ್ಯಾಲೊರಿ ಇದೆ. ಬೆಂದು ನೀರು ಆರಿದ ಮೇಲೆ 100 ಗ್ರಾಂಗೆ 550ರ ಹತ್ತಿರ ಹೋಗುತ್ತದೆ. ಅದೇ ತೂಕದ ಹಸಿ ಫಿಲೆಟ್‌ನ 155 ಕ್ಯಾಲೊರಿ, ಬಟನ್ ಅಣಬೆಯ 22 ಕ್ಯಾಲೊರಿಯ ಪಕ್ಕದಲ್ಲಿಟ್ಟು ನೋಡಿದರೆ ಭಾರ ಎಲ್ಲಿದೆ ಎಂಬುದು ತಾನೇ ಗೊತ್ತಾಗುತ್ತದೆ.

ಬೆಣ್ಣೆಯ ಬದಲು ಮಾರ್ಗರಿನ್ ಅಥವಾ ವನಸ್ಪತಿ ಬಳಸಿದರೆ ಕ್ಯಾಲೊರಿ ಹೆಚ್ಚೇನೂ ಬದಲಾಗುವುದಿಲ್ಲ. ಕೊಬ್ಬಿನ ಸ್ವರೂಪ ಬದಲಾಗಬಹುದು. ಹಳೆಯ ವಿಧಾನದ ವನಸ್ಪತಿಯಲ್ಲಿ ಹೃದಯಕ್ಕೆ ಬಲು ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು ಇರುತ್ತಿತ್ತು. ಭಾರತದಲ್ಲಿ ಖಾದ್ಯ ತೈಲ ಮತ್ತು ಕೊಬ್ಬುಗಳಲ್ಲಿ ಅದು ಶೇ. 2 ಮೀರಬಾರದೆಂಬ ನಿಯಮ 2022ರಿಂದ ಜಾರಿಯಲ್ಲಿದೆ.

ಅಣಬೆಯ ಕೆಲಸ

ಬಟನ್ ಅಣಬೆಯಲ್ಲಿ ಶೇ. 90ಕ್ಕೂ ಹೆಚ್ಚು ನೀರು. ಕೊಚ್ಚಿ ಬಾಣಲೆಗೆ ಹಾಕಿದರೆ ಮೊದಲು ನೀರು ಬಿಟ್ಟು ಕುದಿಯುತ್ತದೆ, ಆಮೇಲೆ ಸದ್ದು ಬದಲಾಗಿ ಚಟಪಟ ಎನ್ನುತ್ತದೆ. ನೀರು ಆರಿತು ಎಂಬುದರ ಗುರುತು ಅದು. ಅಲ್ಲಿಯವರೆಗೆ ಹುರಿಯದಿದ್ದರೆ ಓವನ್‌ನಲ್ಲಿ ಹಿಟ್ಟಿನ ತಳ ನೆನೆದು ಮುದ್ದೆಯಾಗುತ್ತದೆ. ಅಣಬೆಯಲ್ಲಿರುವ ಗ್ಲುಟಮೇಟ್ ಎಂಬ ಅಂಶ ಮಾಂಸದ ರುಚಿಯನ್ನು ಇನ್ನಷ್ಟು ಗಾಢವಾಗಿಸುತ್ತದೆ. ಬಿ ಗುಂಪಿನ ವಿಟಮಿನ್‌ಗಳಾದ ರೈಬೋಫ್ಲೇವಿನ್, ನಯಾಸಿನ್, ಜೊತೆಗೆ ಸೆಲೆನಿಯಂ, ತಾಮ್ರವೂ ಇವೆ. ಆದರೆ ಬೆಣ್ಣೆಯಲ್ಲಿ ಹುರಿಯುವುದರಿಂದ ಈ ಹಗುರವಾದ ಪದರವೂ ಭಾರವಾಗುತ್ತದೆ. ಅಣಬೆ ಕೊಬ್ಬನ್ನು ಸ್ಪಂಜಿನ ಹಾಗೆ ಹೀರುತ್ತದೆ.

ವಿಷದ ಅಣಬೆಯ ಬಗ್ಗೆ ಒಂದು ಮಾತು, ಏಕೆಂದರೆ ಮಳೆಗಾಲದಲ್ಲಿ ಮಲೆನಾಡು, ಕೊಡಗಿನಲ್ಲಿ ಕಾಡಿನ ಅಣಬೆ ತಿನ್ನುವವರು ಬಹಳ. ಡೆತ್ ಕ್ಯಾಪ್‌ನಲ್ಲಿರುವ ಅಮಟಾಕ್ಸಿನ್ ಎಂಬ ವಿಷ ಬೇಯಿಸಿದರೂ, ಒಣಗಿಸಿದರೂ ನಾಶವಾಗುವುದಿಲ್ಲ. ತಿಂದ ಆರೇಳು ಗಂಟೆ, ಕೆಲವೊಮ್ಮೆ ಅದಕ್ಕೂ ಎಷ್ಟೋ ಹೊತ್ತು, ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ಅದು ನಿಂತು ಸುಧಾರಿಸಿದಂತೆ ಕಂಡ ಹೊತ್ತಿನಲ್ಲೇ ಯಕೃತ್ತು ಹಾಳಾಗುತ್ತಿರುತ್ತದೆ. ಬೆಳ್ಳಿಯ ನಾಣ್ಯ ಹಾಕಿ ನೋಡುವುದು, ಹುಳ ತಿಂದಿದ್ದರೆ ಒಳ್ಳೆಯದು ಎನ್ನುವುದು ಯಾವುದೂ ಪರೀಕ್ಷೆಯಲ್ಲ. ಗುರುತು ಖಚಿತವಿಲ್ಲದ ಅಣಬೆ ಮನೆಗೆ ಬೇಡ.

ಒಂದು ಪಾಲಿನ ಲೆಕ್ಕ

ಆರು ಜನಕ್ಕೆ ಸಾಮಾನ್ಯವಾಗಿ ಮಾಡುವ ಅಳತೆ ಇದು ಎಂದುಕೊಳ್ಳೋಣ: ಒಂದು ಕಿಲೋ ಫಿಲೆಟ್, ಅರ್ಧ ಕಿಲೋ ಬೆಣ್ಣೆಯ ಪಫ್ ಪೇಸ್ಟ್ರಿ, 400 ಗ್ರಾಂ ಅಣಬೆ, ಹುರಿಯಲು 50 ಗ್ರಾಂ ಬೆಣ್ಣೆ ಮತ್ತು ಒಂದು ದೊಡ್ಡ ಚಮಚ ಎಣ್ಣೆ, 100 ಗ್ರಾಂ ಪ್ರಶುಟೊ, ಎರಡು ಮೊಟ್ಟೆಯ ಹಳದಿ. ಪೇಟೆ ಹಾಕಿಲ್ಲ.

ಮಾಂಸದಿಂದ 1,550 ಕ್ಯಾಲೊರಿ, ಪೇಸ್ಟ್ರಿಯಿಂದ 2,000, ಬೆಣ್ಣೆಯಿಂದ 360, ಪ್ರಶುಟೊದಿಂದ 230, ಎಣ್ಣೆಯಿಂದ 120, ಹಳದಿಯಿಂದ 110. ಇಷ್ಟೊಂದು ಅಣಬೆಯಿಂದ ಬರುವುದು 88 ಮಾತ್ರ. ಒಟ್ಟು 4,450ರ ಸುಮಾರು. ಆರಕ್ಕೆ ಹಂಚಿದರೆ ತಲೆಗೆ 740 ಕ್ಯಾಲೊರಿ. ಅದರಲ್ಲಿ ಪ್ರೋಟೀನ್ ಸುಮಾರು 47 ಗ್ರಾಂ, ಕೊಬ್ಬು 46 ಗ್ರಾಂ, ಪಿಷ್ಟ 31 ಗ್ರಾಂ. ಇದು ಅಂದಾಜಿನ ಲೆಕ್ಕ, ಅಳತೆ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಆದರೆ ಪ್ರಮಾಣ ಗಮನಿಸಿ. ತೂಕದಲ್ಲಿ ಕಾಲು ಭಾಗವೂ ಇಲ್ಲದ ಪೇಸ್ಟ್ರಿ ಕ್ಯಾಲೊರಿಯಲ್ಲಿ ಶೇ. 45ರಷ್ಟನ್ನು ಹೊತ್ತು ತರುತ್ತದೆ. ತೂಕದಲ್ಲಿ ಅರ್ಧದಷ್ಟಿರುವ ಮಾಂಸದ ಪಾಲು ಶೇ. 35.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಅಂದಾಜಿನಂತೆ ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ, ಹೆಂಗಸಿಗೆ 1,660 ಸಾಕು. ಪ್ರೋಟೀನ್ ಕ್ರಮವಾಗಿ 54 ಮತ್ತು 46 ಗ್ರಾಂ. ಹಾಗಾದರೆ ಈ ಒಂದು ಪಾಲಿನಲ್ಲೇ ಹೆಂಗಸಿನ ಇಡೀ ದಿನದ ಪ್ರೋಟೀನ್ ಬಂತು, ಕ್ಯಾಲೊರಿ ಅರ್ಧದ ಹತ್ತಿರ ಬಂತು. ಜೊತೆಗೆ ಬರುವ ಬೆಣ್ಣೆ ಹಾಕಿ ಕಿವುಚಿದ ಆಲೂಗಡ್ಡೆ, ವೈನ್ ಸಾಸ್ ಈ ಲೆಕ್ಕದಲ್ಲಿಲ್ಲ. ಪೇಟೆಯನ್ನೂ ಹಚ್ಚಿದರೆ ತಲೆಗೆ ಇನ್ನೂ 75 ಕ್ಯಾಲೊರಿ ಸೇರುತ್ತದೆ.

ಏನಿಲ್ಲ ಎಂಬುದೂ ಮುಖ್ಯ. ನಾರಿನಂಶ ಎರಡು ಗ್ರಾಂ ಆಸುಪಾಸು ಮಾತ್ರ. ಕ್ಯಾಲ್ಸಿಯಂ ಅತ್ಯಲ್ಪ, ವಿಟಮಿನ್ ಸಿ ಇಲ್ಲವೆಂದೇ ಹೇಳಬಹುದು. ಪಕ್ಕದಲ್ಲಿ ಹುರುಳಿಕಾಯಿ, ಎಲೆಕೋಸು, ಕ್ಯಾರೆಟ್ ಇಡುವ ಇಂಗ್ಲಿಷರ ರೂಢಿ ಬರೀ ಅಲಂಕಾರಕ್ಕಲ್ಲ, ಅವನ್ನು ಬಿಡದೆ ತಿನ್ನಬೇಕು.

ಕಾಳಜಿ ಇರಬೇಕಾದದ್ದು ಎಲ್ಲಿ

ಬೆಣ್ಣೆ, ತುಪ್ಪ, ಮಾಂಸದ ಕೊಬ್ಬು ತಣ್ಣಗಾದಾಗ ಗಟ್ಟಿಯಾಗುತ್ತದೆ. ಅದರಲ್ಲಿ ಹೆಚ್ಚಿರುವುದು ಸ್ಯಾಚುರೇಟೆಡ್ ಕೊಬ್ಬು. ಇದು ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ದಿನದ ಕ್ಯಾಲೊರಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಇದರಿಂದ ಬರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2,000 ಕ್ಯಾಲೊರಿಯ ಊಟಕ್ಕೆ ಅದು ಸುಮಾರು 22 ಗ್ರಾಂ. ನಮ್ಮ ಲೆಕ್ಕದ ಒಂದು ಪಾಲಿನಲ್ಲೇ 23 ಗ್ರಾಂ ಇದೆ. ಅದರಲ್ಲಿ ಮಾಂಸದಿಂದ ಬಂದದ್ದು ಐದರಲ್ಲಿ ಒಂದು ಪಾಲು. ಮುಕ್ಕಾಲು ಪಾಲಿನಷ್ಟು ಪೇಸ್ಟ್ರಿಯ ಬೆಣ್ಣೆ ಮತ್ತು ಅಣಬೆ ಹುರಿದ ಬೆಣ್ಣೆಯದು.

ಎರಡನೆಯದು ಉಪ್ಪು. ಪ್ರಶುಟೊ, ಪೇಸ್ಟ್ರಿ, ಸಾಸಿವೆ, ಮಾಂಸಕ್ಕೆ ಸವರಿದ್ದು ಎಲ್ಲ ಸೇರಿ ತಲೆಗೆ ಎರಡೂವರೆ ಗ್ರಾಂ ಸುಲಭವಾಗಿ ದಾಟುತ್ತದೆ. ದಿನದ ಮಿತಿ 5 ಗ್ರಾಂ. ಬಿಪಿ ಇರುವವರು ಇದನ್ನು ನೆನಪಿಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹ್ಯಾಮ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗುತ್ತದೆಂದೂ, ಕೆಂಪು ಮಾಂಸ ಕಾರಣವಾಗುವ ಸಂಭವವಿದೆಯೆಂದೂ ವರ್ಗೀಕರಿಸಿತು. ಇದು ದಿನವೂ, ವರ್ಷಗಟ್ಟಲೆ ತಿನ್ನುವವರ ಮಾತು. ವರ್ಷಕ್ಕೊಮ್ಮೆ ಹಬ್ಬದ ಊಟದಲ್ಲಿ ತಿಂದದ್ದಕ್ಕೆ ನಿದ್ದೆಗೆಡಬೇಕಿಲ್ಲ.

ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ಊದಿ ನೋಯುವ ಗೌಟ್ ಇರುವವರಿಗೆ, ಆ ಆಮ್ಲವಾಗಿ ಬದಲಾಗುವ ಪ್ಯೂರಿನ್ ಮಾಂಸ ಮತ್ತು ಅಣಬೆ ಎರಡರಲ್ಲೂ ಇರುವುದು ತಿಳಿದಿರಲಿ. ಗರ್ಭಿಣಿಯರು ನಡುವೆ ಗುಲಾಬಿಯಾಗಿ ಉಳಿದ ಅರೆಬೆಂದ ಮಾಂಸವನ್ನೂ, ಈಲಿಯ ಪೇಟೆಯನ್ನೂ ಬಿಡಬೇಕು. ಮೊದಲನೆಯದರಲ್ಲಿ ಸೋಂಕಿನ ಭಯ, ಎರಡನೆಯದರಲ್ಲಿ ಅತಿಯಾದ ವಿಟಮಿನ್ ಎ. ಮಧುಮೇಹಿಗಳಿಗೆ 31 ಗ್ರಾಂ ಪಿಷ್ಟ ಬಹಳವೇನಲ್ಲ. ಆದರೆ ಇಷ್ಟು ಕೊಬ್ಬು ಜೊತೆಗಿದ್ದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗಿ, ಸಕ್ಕರೆ ತಡವಾಗಿ ಏರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಊಟವಾಗಿ ಎರಡು ಗಂಟೆಗೆ ನೋಡಿ ನಿರಾಳವಾಗದೆ, ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಸಸ್ಯಾಹಾರಿ ವೆಲ್ಲಿಂಗ್ಟನ್ ಹಗುರವೇ?

ಮಾಂಸದ ಬದಲು ಬೀಟ್‌ರೂಟ್, ಸಿಹಿಗುಂಬಳ, ಬರೀ ಅಣಬೆ ಅಥವಾ ಗೋಡಂಬಿ, ಅಕ್ರೋಟು ಹಾಕಿದ ವೆಲ್ಲಿಂಗ್ಟನ್‌ಗಳು ಬ್ರಿಟನ್ನಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಈಗ ಸಾಮಾನ್ಯ. ದನದ ಮಾಂಸ ತಿನ್ನದ ನಮ್ಮವರು ಇದನ್ನೇ ಆರಿಸುತ್ತಾರೆ, ತರಕಾರಿಯಲ್ಲವೇ ಎಂದು ಎರಡು ತುಂಡು ಬಡಿಸಿಕೊಳ್ಳುತ್ತಾರೆ. ಮೇಲಿನ ಲೆಕ್ಕ ನೋಡಿದವರಿಗೆ ಇದರ ಉತ್ತರ ಈಗಾಗಲೇ ಹೊಳೆದಿರಬೇಕು. ಹೊದಿಕೆ ಅದೇ. ಬೆಣ್ಣೆ ಅಷ್ಟೇ. ಪ್ರೋಟೀನ್, ಬಿ12 ಮಾತ್ರ ಹೊರಟುಹೋಗಿದೆ. ಬೀಜಗಳು ತುಂಬಿದ್ದರೆ ಕ್ಯಾಲೊರಿ ಇನ್ನೂ ಏರುತ್ತದೆ, ಆ ಕೊಬ್ಬು ಬೆಣ್ಣೆಗಿಂತ ಒಳ್ಳೆಯದು ಎಂಬುದು ನಿಜ. ನಾರು ಕೂಡ ಹೆಚ್ಚುತ್ತದೆ.

ಹಗುರ ಮಾಡಬೇಕೆಂದರೆ ಕೈ ಹಾಕಬೇಕಾದದ್ದು ಹೊದಿಕೆಗೇ. ಪೇಸ್ಟ್ರಿಯನ್ನು ಇನ್ನೂ ತೆಳ್ಳಗೆ ಲಟ್ಟಿಸಿ, ಅರ್ಧ ಕಿಲೋ ಬದಲು 300 ಗ್ರಾಂನಲ್ಲೇ ಸುತ್ತಿದರೆ ತಲೆಗೆ 130 ಕ್ಯಾಲೊರಿ ಇಳಿಯುತ್ತದೆ. ಅಣಬೆಯನ್ನು ಬೆಣ್ಣೆಯಿಲ್ಲದೆ ತನ್ನ ನೀರಿನಲ್ಲೇ ಬಾಡಿಸಿದರೆ ಇನ್ನೊಂದು 60. ಪ್ರಶುಟೊ ಬದಲು ಬಿಸಿನೀರಲ್ಲಿ ಅದ್ದಿದ ಎಲೆಕೋಸಿನ ಅಥವಾ ಪಾಲಕ್‌ನ ಎಲೆ ಸುತ್ತಿದರೆ ಉಪ್ಪೂ ಇಳಿಯುತ್ತದೆ. ಆದರೆ ಎಲೆಯನ್ನು ಬಟ್ಟೆಯ ಮೇಲೆ ಹರಡಿ, ಒತ್ತಿ, ನೀರಿನ ಪಸೆ ಪೂರ್ತಿ ಆರುವವರೆಗೆ ಕಾಯಬೇಕು. ಇಲ್ಲದಿದ್ದರೆ 729 ಪದರವೂ ತಳದಲ್ಲಿ ಒಂದೇ ಮುದ್ದೆಯಾಗಿ ಕೂರುತ್ತದೆ.